‘ಫಿಲಿಪ್ಪಿಕ್’: ಅರ್ಥವಿಸ್ತಾರ ಮತ್ತು ಕನ್ನಡದ ಸಮಾನಪದಗಳು

ದೀರ್ಘವೂ ಕೋಪಪೂರಿತವೂ ಆದ ಖಂಡನೆಯ ಭಾಷಣಕ್ಕೆ ಇಂಗ್ಲಿಷಿನಲ್ಲಿ ‘ಫಿಲಿಪ್ಪಿಕ್’ ಎಂಬ ಪದವಿದೆ. ಇದನ್ನು ‘ನಿಂದೆ’ ಅಥವಾ ‘ಬೈಗುಳ’ ಎಂದು ಅನುವಾದಿಸುವುದು ಸುಲಭ. ಆದರೆ ಹಾಗೆ ಮಾಡಿದಾಗ ಪದದ ಮುಖ್ಯ ಅರ್ಥಾಂಶವೊಂದು ಲೋಪವಾಗುತ್ತದೆ. ಆ ಅಂಶ ಯಾವುದು, ಕನ್ನಡದಲ್ಲಿ ಅದನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಪದದ ಮೂಲ ಒಂದು ವ್ಯಕ್ತಿನಾಮ. ಮ್ಯಾಸಿಡೋನಿಯದ ದೊರೆ ಎರಡನೆಯ ಫಿಲಿಪ್ಪನ ವಿರುದ್ಧ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ಮಾಡಿದ ಭಾಷಣಗಳಿಗೆ ಈ ಹೆಸರು ನಿಂತಿತು. ಅವುಗಳಲ್ಲಿ ಮೊದಲನೆಯದು ಕ್ರಿ.ಪೂ. 351ರದು, ಮೂರನೆಯದು 341ರದು. ಗ್ರೀಕಿನ ‘ಫಿಲಿಪ್ಪಿಕೋಸ್’ ಎಂಬ ವಿಶೇಷಣಕ್ಕೆ ‘ಫಿಲಿಪ್ಪನಿಗೆ ಸಂಬಂಧಿಸಿದ’ ಎಂದಷ್ಟೇ ಅರ್ಥ. ಕೋಪದ ಸೂಚನೆ ಅದರಲ್ಲಿಲ್ಲ. ಇಲ್ಲಿ ಗಮನಿಸಬೇಕಾದುದೆಂದರೆ, ಫಿಲಿಪ್ಪನು ಆ ಸಭೆಯಲ್ಲಿರಲಿಲ್ಲ. ಕೇಳುತ್ತಿದ್ದವರು ಅಥೆನ್ಸಿನ ನಾಗರಿಕರು. ಅಪಾಯ ಸಮೀಪಿಸುತ್ತಿದ್ದರೂ ಕೈಕಟ್ಟಿ ಕುಳಿತ ಅವರ ಆಲಸ್ಯವನ್ನೂ ಭಾಷಣಕಾರನು ಕಟುವಾಗಿ ಖಂಡಿಸುತ್ತಾನೆ.

ಅರ್ಥವಿಸ್ತಾರ ರೋಮಿನಲ್ಲಿ ನಡೆಯಿತು. ಕ್ರಿ.ಪೂ. 44–43ರಲ್ಲಿ ಸಿಸೆರೊ ಮಾರ್ಕ್ ಆಂಟನಿಯ ವಿರುದ್ಧ ರಚಿಸಿದ 14 ಭಾಷಣಗಳು ಇದೇ ಹೆಸರನ್ನು ಪಡೆದವು. ಸಿಸೆರೊ ವಿನೋದಕ್ಕಾಗಿ ಸೂಚಿಸಿದ್ದ ಈ ಹೆಸರನ್ನು ಬ್ರೂಟಸ್ ತನ್ನ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. ಇಲ್ಲಿ ಫಿಲಿಪ್ಪನೇ ಇಲ್ಲ. ವ್ಯಕ್ತಿ ಮರೆಯಾಗಿ ಭಾಷಣದ ಪ್ರಕಾರವಷ್ಟೇ ಹೆಸರಿನಲ್ಲಿ ಉಳಿಯಿತು. ಎರಡನೆಯ ಭಾಷಣವಂತೂ ಸಭೆಯಲ್ಲಿ ಉಚ್ಚರಿಸಲ್ಪಡದೆ ಲಿಖಿತರೂಪದಲ್ಲೇ ಪ್ರಚಾರಗೊಂಡಿತು. ಈ ಮಾತುಗಳಿಗೆ ಸಿಸೆರೊ ಪ್ರಾಣವನ್ನೇ ತೆತ್ತನು. ಕ್ರಿ.ಪೂ. 43ರ ಡಿಸೆಂಬರಿನಲ್ಲಿ ಅವನನ್ನು ಕೊಂದು, ತಲೆಯನ್ನೂ ಕೈಯನ್ನೂ ರೋಮಿನ ಭಾಷಣವೇದಿಕೆಯ ಮೇಲೆ ಪ್ರದರ್ಶಿಸಲಾಯಿತು.

ಹೀಗೆ ಈ ಪದದಲ್ಲಿ ಮೂರು ಪಾತ್ರಗಳು ಅಡಗಿವೆ: ಮಾತನಾಡುವವನು, ಖಂಡನೆಗೆ ಗುರಿಯಾದವನು, ಕೇಳುವ ಸಭೆ. ಕನ್ನಡದ ಸಮೀಪಪದಗಳನ್ನು ಈ ದೃಷ್ಟಿಯಿಂದ ಹೋಲಿಸೋಣ.

‘ಸಚಿವರು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು’ ಎಂಬಲ್ಲಿ ಗುರಿಯಾದವರು ದ್ವಿತೀಯಾ ವಿಭಕ್ತಿಯಲ್ಲಿದ್ದಾರೆ. ಸಾಮಾನ್ಯವಾಗಿ ಅವರೇ ಎದುರಿಗಿರುವ ಕೇಳುಗರೂ ಹೌದು. ಹೇಳುವವರಿಗೆ ಪ್ರಶ್ನಿಸುವ ಅಧಿಕಾರವಿದೆಯೆಂಬ ಧ್ವನಿಯೂ ಇದೆ. ‘ನಾಯಕರು ಸರ್ಕಾರದ ವಿರುದ್ಧ ವಾಗ್ದಾಳಿ ನಡೆಸಿದರು’ ಎಂಬಲ್ಲಿ ‘ವಿರುದ್ಧ’ ಎಂಬುದು ಗುರಿಯನ್ನು ಮಾತ್ರ ಸೂಚಿಸುತ್ತದೆ. ಕೇಳುಗರು ಬೇರೆಯವರಾಗಿರಬಹುದು, ಗುರಿಯಾದವರು ದೂರವಿರಬಹುದು. ಆದ್ದರಿಂದ ‘ಫಿಲಿಪ್ಪಿಕ್’ಗೆ ‘ವಾಗ್ದಾಳಿ’ಯೇ ಹೆಚ್ಚು ಹತ್ತಿರ. ಆದರೆ ಒಂದೇ ವಾಕ್ಯದ ಟೀಕೆಯೂ ಪತ್ರಿಕೆಗಳಲ್ಲಿ ‘ವಾಗ್ದಾಳಿ’ಯೆನಿಸಿಕೊಳ್ಳುವುದರಿಂದ, ದೀರ್ಘತೆ ಮತ್ತು ಪೂರ್ವಸಿದ್ಧತೆಯ ಅಂಶಗಳು ಅದರಲ್ಲಿ ನಿಶ್ಚಿತವಲ್ಲ. ‘ಬೈಗುಳ’ಕ್ಕಾದರೋ ಸಭೆಯ ಅಗತ್ಯವೇ ಇಲ್ಲ.

ಈ ಕಾರಣಗಳಿಂದ, ಗ್ರೀಕ್ ಮತ್ತು ರೋಮನ್ ಕೃತಿಗಳನ್ನು ಹೆಸರಿಸುವಾಗ ‘ಫಿಲಿಪ್ಪಿಕ್’ ರೂಪವನ್ನೇ ಉಳಿಸಿಕೊಂಡು, ಸಾಮಾನ್ಯಾರ್ಥದಲ್ಲಿ ‘ಉಗ್ರ ಖಂಡನಾಭಾಷಣ’ ಎಂದು ಬಳಸುವುದು ಸೂಕ್ತವೆಂದು ನಮ್ಮ ಅಭಿಪ್ರಾಯ. ‘ಭಾಷಣ’ ಎಂಬ ಉತ್ತರಪದವು ಸಭೆಯನ್ನು ಅರ್ಥದೊಳಗೆ ಉಳಿಸಿಕೊಳ್ಳುತ್ತದೆ. ಅದು ಬಿಟ್ಟುಹೋದರೆ, ಕೇಳುಗರನ್ನು ಎಚ್ಚರಿಸಲೆಂದು ಆಡಿದ ಮಾತು ಕನ್ನಡ ಓದುಗರಿಗೆ ಬರಿಯ ವೈಯಕ್ತಿಕ ದ್ವೇಷವಾಗಿ ತೋರುವ ಅಪಾಯವಿದೆ.