ಕಡ್ಡಿಪೆಟ್ಟಿಗೆಯ ಚಿತ್ರಗಳು

ಕಡ್ಡಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಡುವುದು, ಎರಡೆರಡು ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವುದು ಕರ್ನಾಟಕದ ಹಳ್ಳಿ ಹುಡುಗರ ಹಳೆಯ ಹುಚ್ಚು. ಅಮೆರಿಕದ ಹುಡುಗರಿಗೆ ಬೇಸ್‌ಬಾಲ್ ಕಾರ್ಡು ಇದ್ದ ಹಾಗೆ. ಆ ಕಾರ್ಡುಗಳೂ ಮೊದಮೊದಲು ಸಿಗರೇಟು ಪ್ಯಾಕಿನೊಳಗೇ ಬರುತ್ತಿದ್ದವು. ಇಲ್ಲಿ ಬೀಡಿ ಅಂಗಡಿ ಮುಂದೆ ಬಿದ್ದ ಖಾಲಿ ಪೆಟ್ಟಿಗೆಯೇ ಬಂಡವಾಳ. ಎಲ್ಲೆಲ್ಲೂ ಸಿಗುವ ಹಡಗಿನ ಚಿತ್ರಕ್ಕೆ ಕಿಮ್ಮತ್ತಿಲ್ಲ. ಅಪರೂಪದ ಒಂದಕ್ಕೆ ಹತ್ತು ಕೊಟ್ಟರೂ ನಷ್ಟವಲ್ಲ.

ಹಳೆಯವುಗಳ ಅಂದವೇ ಬೇರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ವೀಡನ್, ಜಪಾನ್‌ಗಳಿಂದ ಬರುತ್ತಿದ್ದ ಪೆಟ್ಟಿಗೆಗಳ ಮೇಲೂ ಇಲ್ಲಿನ ಗಿರಾಕಿಗೆಂದೇ ದೇವರು, ಆನೆ, ಹುಲಿಗಳನ್ನು ಅಚ್ಚು ಹಾಕುತ್ತಿದ್ದರು. 1923ರಲ್ಲಿ ಕಡ್ಡಿಪೆಟ್ಟಿಗೆ ತಯಾರಿಸುವ ವಿಮ್ಕೋ ಕಂಪನಿ ಇಲ್ಲೇ ಶುರುವಾಯಿತು; ಅದೇ ದಶಕದಲ್ಲಿ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬವರು ಕಲ್ಕತ್ತೆಯಲ್ಲಿ ಕಲಿತ ಈ ಕಸುಬನ್ನು ಶಿವಕಾಶಿಗೆ ತಂದರು. ಓದು ಬಾರದವರೂ ದೂರದಿಂದಲೇ ಗುರುತು ಹಿಡಿಯಬೇಕಲ್ಲ, ಅದಕ್ಕೇ ದಪ್ಪ ಗೆರೆ, ಕಣ್ಣಿಗೆ ಹೊಡೆಯುವ ಬಣ್ಣ. ಚಿರತೆಯ ಜೊತೆ ಸೆಣಸುವ ಮನುಷ್ಯನ ‘ಚೀತಾ ಫೈಟ್’ ಚಿತ್ರವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಚಿತ್ರ ಬೇಕೆಂದರೆ, ಹಿಂದಿನ ಮರದ ಪೆಟ್ಟಿಗೆಗೆ ಅಂಟಿಸಿದ ತೆಳು ಕಾಗದವನ್ನು ನೀರಲ್ಲಿ ನೆನೆಸಿ, ಹರಿಯದಂತೆ ಬಿಡಿಸಿ, ಪುಸ್ತಕದ ಹಾಳೆಗಳ ನಡುವೆ ಒಣಗಿಸಬೇಕಿತ್ತು. ರಟ್ಟಿನ ಪೆಟ್ಟಿಗೆ ಬಂದ ಮೇಲೆ ಕತ್ತರಿಯೊಂದಿದ್ದರೆ ಸಾಕು.