ಮಿತವೆಚ್ಚದ ಗೇಮಿಂಗ್ ಗಣಕಯಂತ್ರ

ಮಿತವೆಚ್ಚದ ಗೇಮಿಂಗ್ ಗಣಕಯಂತ್ರವು ವಿಡಿಯೋ ಆಟಗಳನ್ನು ತಡವರಿಸದೆ ನಡೆಸಬಲ್ಲ, ಸಾಧಾರಣ ಆದಾಯದ ಕುಟುಂಬವು ಭರಿಸಬಹುದಾದ ಬೆಲೆಯ ಡೆಸ್ಕ್‌ಟಾಪ್ ಗಣಕಯಂತ್ರವಾಗಿದೆ. ಹೊರನೋಟಕ್ಕೆ ಇದಕ್ಕೂ ಕಚೇರಿಯ ಗಣಕಯಂತ್ರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಪರದೆಯ ಮೇಲಿನ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಭಾಗವು ಇದರಲ್ಲಿ ಹೆಚ್ಚು ಸಮರ್ಥವಾಗಿರುತ್ತದೆ. ಭಾರತದಲ್ಲಿ ಬಿಡಿಭಾಗಗಳನ್ನು ಆರಿಸಿ ಅಂಗಡಿಯಲ್ಲಿಯೇ ಜೋಡಿಸಿಕೊಳ್ಳುವ ರೂಢಿ ವ್ಯಾಪಕವಾಗಿದ್ದು, ಹೀಗೆ ಸಿದ್ಧವಾದುದನ್ನು ‘ಅಸೆಂಬಲ್ಡ್ ಕಂಪ್ಯೂಟರ್’ ಎನ್ನಲಾಗುತ್ತದೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್ ಮತ್ತು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಳು ಈ ವ್ಯಾಪಾರಕ್ಕೆ ಹೆಸರಾಗಿವೆ. ಬೆಲೆಗಳು ವಾರದಿಂದ ವಾರಕ್ಕೆ ಬದಲಾಗುವುದರಿಂದ, ಯಾವ ಭಾಗದ ಕೆಲಸವೇನು ಮತ್ತು ಅದರ ಹೆಸರನ್ನು ಓದುವ ಬಗೆ ಹೇಗೆ ಎಂಬ ತಿಳಿವಳಿಕೆಯೇ ಕೊಳ್ಳುವವರಿಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

ಚಿತ್ರವು ಮೂಡುವ ಬಗೆ

ಆಟವು ನಡೆಯುವಾಗ ಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೆ 60 ಅಥವಾ ಅದಕ್ಕಿಂತ ಹೆಚ್ಚು ಚಿತ್ರಗಳನ್ನು ರಚಿಸಬೇಕಾಗುತ್ತದೆ. ಪ್ರತಿ ಚಿತ್ರಕ್ಕೂ ಎರಡು ಹಂತಗಳಿವೆ. ಚೆಂಡು ಎಲ್ಲಿದೆ, ಎದುರಾಳಿ ಯಾವ ಕಡೆಗೆ ಸರಿದ ಎಂಬುದನ್ನು ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಆ ದೃಶ್ಯದ ಪ್ರತಿಯೊಂದು ಬಿಂದುವಿಗೂ ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಭಾಗದ್ದು. ಒಬ್ಬರು ಲಟ್ಟಿಸಿ ಇನ್ನೊಬ್ಬರು ಬೇಯಿಸುವ ಚಪಾತಿಯಂತೆ, ಇಬ್ಬರಲ್ಲಿ ನಿಧಾನವಾದವರ ವೇಗವೇ ಒಟ್ಟು ವೇಗ. ಆದುದರಿಂದ ದುಬಾರಿ ಪ್ರೊಸೆಸರಿನ ಪಕ್ಕದಲ್ಲಿ ದುರ್ಬಲ ಗ್ರಾಫಿಕ್ಸ್ ಕಾರ್ಡನ್ನು ಕೂಡಿಸಿದರೆ ಮೊದಲನೆಯದಕ್ಕೆ ಕೊಟ್ಟ ಹಣದ ಬಹುಭಾಗ ಕೆಲಸಕ್ಕೆ ಬರುವುದಿಲ್ಲ.

ಪರದೆಯ ಆಯ್ಕೆಯೂ ಇದರೊಳಗೇ ಸೇರುತ್ತದೆ. 1920×1080 ಅಳತೆಯ ಪರದೆಯಲ್ಲಿ 20,73,600 ಬಿಂದುಗಳಿವೆ. ‘4ಕೆ’ ಎಂದು ಮಾರುವ 3840×2160 ಅಳತೆಯಲ್ಲಿ ಇದರ ನಾಲ್ಕು ಪಟ್ಟು ಬಿಂದುಗಳಿದ್ದು, ಗ್ರಾಫಿಕ್ಸ್ ಭಾಗದ ಕೆಲಸವೂ ಸರಿಸುಮಾರು ಅದೇ ಪ್ರಮಾಣದಲ್ಲಿ ಏರುತ್ತದೆ. ಹಣಕ್ಕೆ ಮಿತಿಯಿರುವಾಗ ಮೊದಲನೆಯ ಅಳತೆಯ ಪರದೆಯೇ ಯುಕ್ತ.

ಯಾವ ಆಟಕ್ಕೆ ಎಷ್ಟು ಯಂತ್ರ

ಅಂಗಡಿಗೆ ಹೋಗುವ ಮುನ್ನ ಮಗು ನಿಜವಾಗಿ ಆಡಬಯಸುವ ನಾಲ್ಕೈದು ಆಟಗಳ ಹೆಸರನ್ನು ಬರೆದುಕೊಳ್ಳುವುದು ಒಳಿತು. ಮಗುವಿನ ಕೈಯಲ್ಲಿಯೇ ಬರೆಸಿದರೆ ಇನ್ನೂ ಒಳಿತು. 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಮೈನ್‌ಕ್ರಾಫ್ಟ್ ಮತ್ತು 2020ರ ವ್ಯಾಲರಂಟ್, ಇವೆರಡೂ ಸಾಧಾರಣ ಯಂತ್ರದಲ್ಲಿ ನಡೆಯುವಂತೆ ರಚಿತವಾದ ಆಟಗಳು. ಇಂಥವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅನಿವಾರ್ಯವಲ್ಲ. ಎಎಂಡಿ ಸಂಸ್ಥೆಯು 2021ರಲ್ಲಿ ತಂದ ರೈಜೆನ್ 5 5600ಜಿ ಮಾದರಿಯಲ್ಲಿ ಆರು ಕೋರ್‌ಗಳೊಂದಿಗೆ ಸಾಕಷ್ಟು ಸಮರ್ಥವಾದ ಗ್ರಾಫಿಕ್ಸ್ ಭಾಗವೂ ಅಡಕವಾಗಿದೆ. ಇಂಥ ಪ್ರೊಸೆಸರಿನಿಂದ ಆರಂಭಿಸಿ, ಒಂದೆರಡು ವರ್ಷಗಳ ತರುವಾಯ ಕೈಯಲ್ಲಿ ಹಣ ಕೂಡಿದಾಗ ಕಾರ್ಡನ್ನು ಸೇರಿಸುವುದು ಸಾಧ್ಯ. ಸಂಬಳದ ದಿನ ಎಣಿಸುವ ಮನೆಗಳಿಗೆ ಇದು ಒಳ್ಳೆಯ ದಾರಿ.

ಅಡಕವಾದ ಗ್ರಾಫಿಕ್ಸ್‌ಗೆ ಸ್ವಂತ ಸ್ಮೃತಿಯಿಲ್ಲ. ಅದು ಯಂತ್ರದ ರ‍್ಯಾಮ್‌ನಿಂದಲೇ ಪಾಲು ಪಡೆಯುತ್ತದೆ. ಈ ಕಾರಣ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದರೆ ದತ್ತಾಂಶವು ಎರಡು ದಾರಿಗಳಲ್ಲಿ ಹರಿದು ಆಟದ ವೇಗ ಗಮನಾರ್ಹವಾಗಿ ಹೆಚ್ಚುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆಯು ತೀವ್ರವಾಗಿ ಏರಿದುದರಿಂದ ಈ ಭಾಗವನ್ನು ಮೊದಲಿನಂತೆ ಅಗ್ಗವೆಂದು ಭಾವಿಸುವಂತಿಲ್ಲ.

ಭಾರೀ ದೃಶ್ಯಗಳುಳ್ಳ ಆಟಗಳಿಗೆ ಪ್ರತ್ಯೇಕ ಕಾರ್ಡ್ ಬೇಕು. ಆಗ ಒಟ್ಟು ಹಣದ ಸುಮಾರು ಮೂರನೆಯ ಒಂದು ಪಾಲನ್ನು ಅದಕ್ಕೇ ಮೀಸಲಿಡುವುದು ರೂಢಿಯ ಲೆಕ್ಕ. ಎನ್‌ವಿಡಿಯದ ಆರ್‌ಟಿಎಕ್ಸ್ 3050 ಹಾಗೂ ಎಎಂಡಿಯ ಆರ್‌ಎಕ್ಸ್ 6600 ಈ ವರ್ಗದಲ್ಲಿ ಬಹುವಾಗಿ ಬಳಕೆಯಾದ ಕಾರ್ಡುಗಳು.

ಹೆಸರುಗಳ ಗೊಂದಲ

‘ಐ7 ಪ್ರೊಸೆಸರ್, 2 ಜಿಬಿ ಗ್ರಾಫಿಕ್ಸ್, ಗೇಮಿಂಗ್ ಪಿಸಿ’ ಎಂಬಂಥ ಜಾಹೀರಾತಿನಲ್ಲಿ ಪ್ರತಿ ಪದವೂ ನಿಜವಾಗಿರಬಹುದು. ಆದರೂ ಕೊಂಡವರಿಗೆ ನಷ್ಟವಾಗಬಹುದು.

ಇಂಟೆಲ್‌ನ ಐ3, ಐ5, ಐ7 ಎಂಬ ಅಂಕೆಗಳು ಒಂದೇ ತಲೆಮಾರಿನೊಳಗಿನ ದರ್ಜೆಯನ್ನು ಮಾತ್ರ ತಿಳಿಸುತ್ತವೆ. ತಲೆಮಾರು ತಿಳಿಯುವುದು ಮುಂದಿನ ಸಂಖ್ಯೆಯಿಂದ. 2011ರ ಐ7-2600 ಎರಡನೆಯ ತಲೆಮಾರಿನದು, 2022ರ ಐ3-12100 ಹನ್ನೆರಡನೆಯದು. ಎರಡರಲ್ಲಿಯೂ ಇರುವುದು ನಾಲ್ಕೇ ಕೋರ್‌ಗಳು. ಹೀಗಿದ್ದೂ ಹೊಸ ಐ3 ಹಳೆಯ ಐ7ಅನ್ನು ಬಹಳ ಹಿಂದೆ ಹಾಕುತ್ತದೆ. ಸಂಖ್ಯೆಯ ಕೊನೆಯ ಅಕ್ಷರಕ್ಕೂ ಅರ್ಥವಿದೆ. 12100ಎಫ್ ಎಂಬಲ್ಲಿನ ‘ಎಫ್’ ಅಕ್ಷರವು ಅಡಕವಾದ ಗ್ರಾಫಿಕ್ಸ್ ಇಲ್ಲವೆಂಬುದರ ಸೂಚನೆ. ಅದಕ್ಕೆ ಬೇರೆ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ.

‘2 ಜಿಬಿ’ ಎಂಬುದು ಕಾರ್ಡಿನ ಸ್ಮೃತಿಯ ಗಾತ್ರ. ಕೊಡದ ಗಾತ್ರದಿಂದ ಬಾವಿಯ ನೀರನ್ನು ಅಳೆಯಲಾಗದು. 2014ರಲ್ಲಿ ಬಂದ ಜಿಟಿ 730 ಕಾರ್ಡ್ ಅಗ್ಗದ ಜೋಡಣೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಮೇಲೆ ಹೇಳಿದ 5600ಜಿಯಲ್ಲಿ ಅಡಕವಾದ ಗ್ರಾಫಿಕ್ಸ್ ಅದಕ್ಕಿಂತ ಚುರುಕು. ಹೀಗಾಗಿ ಪ್ರತಿ ಭಾಗದ ಪೂರ್ಣ ಮಾದರಿ ಸಂಖ್ಯೆಯನ್ನು ಬರೆಸಿಕೊಂಡು ಅದು ಬಂದ ವರ್ಷವನ್ನು ಮನೆಯಲ್ಲಿ ಹುಡುಕಿ ನೋಡುವವರೆಗೆ ಮುಂಗಡ ಕೊಡದಿರುವುದು ಲೇಸು.

ಎಸ್‌ಎಂಪಿಎಸ್ ಮತ್ತು ವಿದ್ಯುತ್

ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ ಇಳಿಸಿಕೊಡುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಆಟದಲ್ಲಿ ಇದರ ಕೆಲಸ ಕಣ್ಣಿಗೆ ಕಾಣದ ಕಾರಣ ಮೊದಲು ಕತ್ತರಿ ಬೀಳುವುದು ಇದಕ್ಕೇ. ಕ್ಯಾಬಿನೆಟ್ಟಿನೊಂದಿಗೆ ಬರುವ ಅತಿ ಅಗ್ಗದ ಪೆಟ್ಟಿಗೆಗಳ ಮೇಲೆ ನಮೂದಿಸಿದ ವ್ಯಾಟ್ ಸಂಖ್ಯೆಯನ್ನು ನಂಬಲಾಗದು. ಅದು ಕೆಟ್ಟಾಗ ಕಾರ್ಡ್, ಮದರ್‌ಬೋರ್ಡ್‌ಗಳನ್ನೂ ಸುಡಬಲ್ಲದು. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್ ಹಾಗೂ ಸಾಧಾರಣ ಪ್ರೊಸೆಸರಿಗೆ 65ರಿಂದ 90 ವ್ಯಾಟ್ ಬೇಕಾಗುವುದರಿಂದ, ಹೆಸರುವಾಸಿ ತಯಾರಕರ 450ರಿಂದ 550 ವ್ಯಾಟ್‌ನ ಪೆಟ್ಟಿಗೆ ಧಾರಾಳ ಸಾಕು. ಹಣ ಉಳಿಸಲೇಬೇಕೆಂದರೆ ಬಣ್ಣದ ದೀಪಗಳಲ್ಲಿ, ಗಾಜಿನ ಕ್ಯಾಬಿನೆಟ್ಟಿನಲ್ಲಿ ಉಳಿಸಬಹುದು. ಅವು ಆಟಕ್ಕೆ ಒಂದು ಚಿತ್ರವನ್ನೂ ಹೆಚ್ಚಿಸುವುದಿಲ್ಲ.

ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಅರ್ತಿಂಗ್ ಇಲ್ಲದಿರುವುದುಂಟು. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದನ್ನು ಅಲಕ್ಷಿಸದೆ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಬೇಕು. ಬಳಸುವುದು ಮಗು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಮಳೆಗಾಲದಲ್ಲಿ ಪದೇ ಪದೇ ವಿದ್ಯುತ್ ಹೋಗುವ ಊರುಗಳಲ್ಲಿ ಯುಪಿಎಸ್ ಸಹ ಅಗತ್ಯ; ಅದರಿಂದ ಆಟ ಮುಂದುವರಿಸಲಾಗದಿದ್ದರೂ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಕೆಲವು ನಿಮಿಷಗಳು ದೊರೆಯುತ್ತವೆ.

ಬಳಸಿದ ಯಂತ್ರಗಳು

ಕಚೇರಿಗಳು ವಿಲೇವಾರಿ ಮಾಡಿದ ಗಣಕಯಂತ್ರಗಳು ಅಗ್ಗವಾಗಿ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ನಂತರದ ಪ್ರೊಸೆಸರ್ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಕೂಡ ಟಿಪಿಎಂ ಇಲ್ಲದಿದ್ದರೆ ನಡೆಯುವುದಿಲ್ಲ. ಆದುದರಿಂದ ಎಂಟನೆಯ ತಲೆಮಾರಿಗಿಂತ ಹಳೆಯದನ್ನು ಮಗುವಿಗಾಗಿ ಕೊಳ್ಳುವುದು ಸೂಕ್ತವಲ್ಲ. ಇಂಥ ಯಂತ್ರಗಳ ಎಸ್‌ಎಂಪಿಎಸ್ ಚಿಕ್ಕದಾಗಿರುವುದರಿಂದ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ದೊರೆಯುವ 75 ವ್ಯಾಟ್‌ನಲ್ಲಿ ನಡೆಯುವ ಕಾರ್ಡನ್ನೇ ಆರಿಸಬೇಕು. ಕ್ಯಾಬಿನೆಟ್ ಕಿರಿದಾಗಿದ್ದರೆ ಕಾರ್ಡಿನ ಎತ್ತರವನ್ನೂ ಅಳೆದು ನೋಡಬೇಕು.

ಬಳಸಿದ ಗ್ರಾಫಿಕ್ಸ್ ಕಾರ್ಡುಗಳ ಕಥೆ ಬೇರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಗೂಢನಾಣ್ಯದ ಗಣಿಗಾರಿಕೆ ಕೊನೆಗೊಂಡಾಗ, ಅದಕ್ಕಾಗಿ ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಅವೆಲ್ಲವೂ ಕೆಟ್ಟವಲ್ಲ. ಆದರೆ ಹಣ ಕೊಡುವ ಮುನ್ನ ಮಾರುವವರ ಎದುರಿನಲ್ಲಿಯೇ ಭಾರೀ ಆಟವೊಂದನ್ನು ಅರ್ಧ ಗಂಟೆ ನಡೆಸಿ ಬಿಸಿ, ಸದ್ದು, ಚಿತ್ರದಲ್ಲಿನ ಕಲೆಗಳನ್ನು ಗಮನಿಸಬೇಕು.

ಬಿಲ್ಲು ಮತ್ತು ಖಾತರಿ

ಗಣಕಯಂತ್ರದ ಭಾಗಗಳಿಗೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಬಿಲ್ಲು ಬೇಡವೆಂದರೆ ಅಷ್ಟು ಉಳಿಯುತ್ತದೆಂಬ ಆಮಿಷ ಸಾಮಾನ್ಯ. ಜೋಡಿಸಿದ ಯಂತ್ರದಲ್ಲಿ ಖಾತರಿಯು ಇಡೀ ಯಂತ್ರಕ್ಕಿರದೆ ಪ್ರತಿ ಭಾಗಕ್ಕೆ ಅದರ ತಯಾರಕರಿಂದ ಪ್ರತ್ಯೇಕವಾಗಿ ದೊರೆಯುತ್ತದೆ. ಬಿಲ್ಲಿಲ್ಲದೆ ಅದನ್ನು ಪಡೆಯುವುದು ಕಷ್ಟ. ಬಿಲ್ಲಿನಲ್ಲಿ ಪ್ರತಿ ಭಾಗದ ಮಾದರಿ ಸಂಖ್ಯೆಯನ್ನೂ ಸೀರಿಯಲ್ ಸಂಖ್ಯೆಯನ್ನೂ ನಮೂದಿಸಲು ಕೇಳಬೇಕು. ಭಾಗಗಳು ಬಂದ ರಟ್ಟಿನ ಪೆಟ್ಟಿಗೆಗಳನ್ನು ಅಂಗಡಿಯಲ್ಲಿಯೇ ಬಿಟ್ಟುಬರದೆ, ಖಾತರಿಯ ಅವಧಿ ಮುಗಿಯುವವರೆಗೆ ಅಟ್ಟದ ಮೇಲೆ ಇರಿಸಿಕೊಳ್ಳಬೇಕು.