ಕಬ್ಬಿನ ಹೊಲದ ಬದುವಿನಿಂದ

ಕೊಹಿನೂರ ಸೀಮೆಯ ಎರೆಹೊಲಗಳಲ್ಲಿ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಕಬ್ಬಿನ ಕಟಾವು ಶುರುವಾಗಿರುತ್ತದೆ. ಕಬ್ಬು ಕಡಿಯುವ ಕತ್ತಿ, ಕೊಯ್ತಾದ ಸದ್ದು ಕೇಳಿದ್ದೇ ಕಾಜಾಣಗಳು ತಂತಿಯ ಮೇಲೆ ಬಂದು ಕೂರುತ್ತವೆ. ಕಬ್ಬು ಉರುಳಿದಂತೆ ಏಳುವ ಮಿಡತೆಯನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ಜಾಗಕ್ಕೆ ಮರಳುತ್ತವೆ. ಬೆಳ್ಳಕ್ಕಿಗಳು ರವದಿ ಕೆದಕುತ್ತ ಆಳುಗಳ ಹಿಂದೆ ಮಾರು ದೂರದಲ್ಲಿ ನಡೆಯುತ್ತವೆ.

ಕ್ಯಾಮೆರಾ ಹಿಡಿದು ಹಕ್ಕಿಗೆಂದು ಕಾದು ಕೂತರೆ ಕಣ್ಣು ನಿಧಾನಕ್ಕೆ ಕಡಿಯುವ ಕೈಗಳತ್ತ ಹೋಗುತ್ತದೆ. ಕಬ್ಬಿನ ಗರಿಯ ಅಂಚು ಗೀರಿದ ಗೆರೆಗಳು ಮುಂಗೈ ತುಂಬ. ಹಳೆಯವು ಬೆಳ್ಳಗೆ ಮಾಸಿವೆ, ಹೊಸವು ಕೆಂಪಗಿವೆ. ಬುಡಕ್ಕೊಂದು ಏಟು, ತುದಿಗೊಂದು ಏಟು. ಹಿಂದೆ ಹೆಂಡತಿ ಹೊರೆ ಕಟ್ಟುತ್ತಾಳೆ. ಬದುವಿನ ಜೋಪಡಿಯ ನೆರಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗಿ ತಮ್ಮನನ್ನು ಮಲಗಿಸುತ್ತಾಳೆ. ಗೂಟಕ್ಕೆ ನೇತುಹಾಕಿದ ಶಾಲೆಯ ಚೀಲದಲ್ಲಿ ಉಳ್ಳಾಗಡ್ಡಿ.

ಈ ಭಾಗಕ್ಕೆ ಗುಳೆ ಹೊಸದಲ್ಲ. ಇಲ್ಲಿನ ತಾಂಡಾಗಳವರು ಹೊರಗೆ ಹೋಗುತ್ತಾರೆ, ಮರಾಠವಾಡದ ಟೋಳಿಗಳು ಇತ್ತ ಬರುತ್ತವೆ. ಗುಳೆ ಹೋದವರೆಲ್ಲ ಜೀತದಾಳುಗಳಲ್ಲ, ನಿಜ. ಆದರೆ ಆಳುಗಳನ್ನು ಒದಗಿಸುವ ಮುಕಾದಮ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದೇ ಕೊಯ್ತಾ. ಹಂಗಾಮು ಮುಗಿದರೂ ಸಾಲ ತೀರದೆ, ಬಿಟ್ಟು ಹೋಗಲೂ ಬಿಡದಿದ್ದರೆ ಅದು ಜೀತವೇ. ಸಂವಿಧಾನದ 23ನೇ ವಿಧಿ ಮಾನವ ಕಳ್ಳಸಾಗಣೆಯನ್ನೂ ಬಿಟ್ಟಿ ದುಡಿಮೆಯನ್ನೂ ಒಟ್ಟಿಗೇ ನಿಷೇಧಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಂಥ ಸಾಲವನ್ನೇ ಇಲ್ಲವಾಗಿಸುತ್ತದೆ.

ಕ್ಯಾಮೆರಾಕ್ಕೆ ಇಲ್ಲಿ ಏನು ಕೆಲಸ? ಅಮೆರಿಕದ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳನ್ನು 1908ರಿಂದ ಚಿತ್ರಿಸಿದ ಲೂಯಿಸ್ ಹೈನ್ ನನಗೆ ಗುರು. ತನ್ನ ಅಂಗಿಯ ಗುಂಡಿಗಳು ನೆಲದಿಂದ ಎಷ್ಟೆತ್ತರ ಎಂದು ಮೊದಲೇ ತಿಳಿದುಕೊಂಡು, ಪಕ್ಕದಲ್ಲಿ ನಿಂತ ಮಗುವಿನ ಎತ್ತರ ಅಳೆಯುತ್ತಿದ್ದ. ಜೇಬಿನೊಳಗೇ ಕೈಯಿಟ್ಟು ಟಿಪ್ಪಣಿ ಗೀಚುತ್ತಿದ್ದ. ನೋಡುವವರ ಮನಸ್ಸು ಕರಗುವುದು ಇಂಥ ನಿಖರತೆಯಿಂದ. ಅಳುವ ಮುಖಗಳಿಗೆ ಕಣ್ಣು ಬೇಗ ಒಗ್ಗಿಹೋಗುತ್ತದೆ.

ಹೈನ್ ಮುಖಗಳನ್ನು ತೋರಿಸಿದ. ಇಂದು ನಾವು ತೋರಿಸಬಾರದು. ಗೂಡು ಚೆನ್ನಾಗಿ ಕಾಣಲೆಂದು ಎಲೆ ಸರಿಸಿದರೆ ಕಾಗೆಗೆ ದಾರಿ ಮಾಡಿಕೊಟ್ಟಂತೆ ಎಂಬುದು ಹಕ್ಕಿಯ ಚಿತ್ರ ತೆಗೆಯುವವರಿಗೆಲ್ಲ ಗೊತ್ತು. ಕಳ್ಳಸಾಗಣೆಯಿಂದ ಪಾರಾಗಿ ಬಂದ ಹುಡುಗಿಯ ಮುಖ ಮೊಬೈಲಿನಿಂದ ಮೊಬೈಲಿಗೆ ಹಾರಿ, ಮಾರಿದವನ ಕೈಗೇ ಸೇರಬಹುದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಂಥ ಮಕ್ಕಳ ಗುರುತು ಪ್ರಕಟಿಸುವುದನ್ನು ತಡೆಯುತ್ತದೆ. ಕಣ್ಣಿಗೆ ಕಪ್ಪು ಪಟ್ಟಿ ಬಳಿದರೆ ಸಾಲದು, ಊರಿನವರು ಬಳೆ ನೋಡಿಯೇ ಗುರುತು ಹಿಡಿಯುತ್ತಾರೆ.

ಹಾಗಾಗಿ ಕೈಗಳು, ಒಲೆ, ಮುಂಗಡದ ಚೀಟಿ, ಆ ಚೀಲ. ತೆಗೆದ ಚಿತ್ರವನ್ನು ಮೊದಲು ಆ ಕುಟುಂಬದವರಿಗೇ ತೋರಿಸಬೇಕು, ಬೇಡವೆಂದರೆ ಅಳಿಸಬೇಕು. ಬೆಂಗಳೂರಿನ ಗ್ಯಾಲರಿ ಆಮೇಲೆ ಇದ್ದೇ ಇದೆ. ಮುಂಗಡ ಹಂಚುವ ತಿಂಗಳುಗಳಲ್ಲಿ, ದಸರೆಗೆ ಮೊದಲು, ಈ ಚಿತ್ರಗಳು ತಾಂಡಾದ ಶಾಲೆಯ ಗೋಡೆ ಮೇಲೆ, ಹುಮನಾಬಾದ ಬಸ್ ನಿಲ್ದಾಣದಲ್ಲಿ ಇರಬೇಕು. ಪ್ರತಿ ಚಿತ್ರದ ಕೆಳಗೆ, ಜೀತದ ಸಾಲ ತೀರಿಸಬೇಕಿಲ್ಲ ಎಂಬ ಕಾಯ್ದೆಯ ಮಾತು, ಮಕ್ಕಳ ಸಹಾಯವಾಣಿ 1098.